ಮಗಳು ಹುಳ ಎಣಿಸುತ್ತೇನೆ ಅನ್ನುತ್ತಾಳೆ, ಬಿಡಬಹುದಾ?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರ ಎರಡು ಎಕರೆ ಅಡಿಕೆ ತೋಟ. ಮೇಲಿನ ಗುಡ್ಡೆಯಲ್ಲಿ ನಲ್ವತ್ತು ಗೇರು ಮರ, ಮನೆ ಸುತ್ತ ಹತ್ತು ತೆಂಗು. ಮಗಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಅವಳ ವಿಷಯ. ಮುಂದೆ ಬಿಎಡ್ ಮಾಡು ಎಂದರೆ ಕೇಳುವುದಿಲ್ಲ. ಪರಿಸರ, ಕೃಷಿ, ಹುಳಹುಪ್ಪಟೆ ಎಲ್ಲ ಸೇರಿದ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಈ ವಿಜ್ಞಾನಿಗಳು ದಿನವಿಡೀ ಮಾಡುವುದಾದರೂ ಏನು? ಅಗ್ರಿಕಲ್ಚರ್ ಬಿಎಸ್ಸಿಗೆ ಹಾಕದೆ ನಾವು ತಪ್ಪು ಮಾಡಿದೆವಾ? ಇದರಲ್ಲಿ ಅನ್ನ ಉಂಟಾ? ಹುಡುಗಿ ಒಬ್ಬಳೇ ತೋಟ, ಕಾಡು ಅಂತ ಅಲೆಯುವುದು ಹೇಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆ ನನಗೆ ಹಳೆಯ ಪರಿಚಯ. ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ ಆದ ಮೇಲೂ ನಮ್ಮಮ್ಮ ನೆರೆಯವರ ಹತ್ತಿರ, "ಅವಳು ಗೇರು ಮರದಲ್ಲಿ ಸೊಳ್ಳೆ ಎಣಿಸುತ್ತಾಳೆ, ಅದಕ್ಕೆ ಸಂಬಳ ಕೊಡುತ್ತಾರೆ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈಗ ನಿವೃತ್ತಿಯಾಗಿ ಉಡುಪಿಯ ಮನೆಯಲ್ಲಿ ಕೂತು ಯೋಚಿಸಿದರೆ, ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ಸೊಳ್ಳೆ ಅಂದರೆ ಟೀ ಸೊಳ್ಳೆ. ನಿಮ್ಮ ಗುಡ್ಡೆಯಲ್ಲೂ ಇದ್ದೇ ಇರುತ್ತದೆ. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆ. ಮಳೆ ಬಿಟ್ಟು ಗೇರು ಚಿಗುರುವಾಗ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಬರುತ್ತದೆ. ಎಳೆ ಚಿಗುರಿಗೆ ಬಾಯಿ ಚುಚ್ಚಿ ರಸ ಹೀರುತ್ತದೆ. ಅದರ ಜೊಲ್ಲು ಗಿಡಕ್ಕೆ ವಿಷ. ಚುಚ್ಚಿದಲ್ಲಿ ಮೊದಲು ನೀರು ತುಂಬಿದಂಥ ಒಂದು ಕಲೆ, ಆಮೇಲೆ ಅದು ಕಂದು, ಆಮೇಲೆ ಕಪ್ಪು. ಕೊನೆಗೆ ಚಿಗುರು ಬೆಂಕಿ ತಾಗಿದ ಹಾಗೆ ಕರಟಿ ಹೋಗುತ್ತದೆ. ಹೂಗೊಂಚಲಿಗೂ ಎಳೆ ಬೀಜಕ್ಕೂ ಅದೇ ಗತಿ.

ಹುಳವನ್ನು ಒಮ್ಮೆ ಲೆನ್ಸಿನಲ್ಲಿ ನೋಡಬೇಕು ನೀವು. ಕಪ್ಪು ತಲೆ, ಕೆಂಪು ಮಿಶ್ರಿತ ಕಂದು ಎದೆ. ಬೆನ್ನಿನ ಮೇಲೆ ಒಂದು ಗುಂಡುಸೂಜಿ ಚುಚ್ಚಿಟ್ಟ ಹಾಗೆ ಮುಳ್ಳು, ಅದರ ತುದಿಯಲ್ಲಿ ಗುಂಡು ಸಹ ಇದೆ. ಮೊಟ್ಟೆ ಹುಡುಕಿದರೆ ಸಿಗುವುದಿಲ್ಲ. ಚಿಗುರಿನ ಒಳಗೆ ಹುದುಗಿಸಿ ಇಟ್ಟಿರುತ್ತದೆ. ಹೊರಗೆ ಇಣುಕುವುದು ಎರಡೇ ಎರಡು ಎಳೆ, ಕೂದಲಿನ ಹಾಗೆ ಸಪೂರ. ನನಗೆ ಅದನ್ನು ಮೊದಲ ಸಲ ಕಾಣಲು ಹನ್ನೊಂದು ದಿನ ಹಿಡಿಯಿತು. ಕಂಡ ಮೇಲೆ ಎಲ್ಲಿ ನೋಡಿದರೂ ಅದೇ.

ಕೆಲಸ ಹೀಗೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಗುಡ್ಡೆ ಹತ್ತಬೇಕು. ಒಂದು ಮರಕ್ಕೆ ನಾಲ್ಕು ದಿಕ್ಕು, ದಿಕ್ಕಿಗೆ 13 ಚಿಗುರು, ಒಟ್ಟು 52. ಪ್ರತಿ ಚಿಗುರನ್ನೂ ಕೈಯಲ್ಲಿ ಹಿಡಿದು ನೋಡಿ 0ರಿಂದ 4ರೊಳಗೆ ಒಂದು ಅಂಕ ಕೊಡಬೇಕು. ಒಂದು ಕಲೆಯೂ ಇಲ್ಲದಿದ್ದರೆ 0. ಪೂರ್ತಿ ಒಣಗಿದ್ದರೆ 4. ಗೇರು ಸಂಶೋಧನೆ ಮಾಡುವವರೆಲ್ಲ ಇದೇ ಲೆಕ್ಕ ಬಳಸುತ್ತಾರೆ, ಹಾಗಾಗಿ ಪುತ್ತೂರಿನ ಅಂಕಿಯನ್ನು ಬೇರೆ ಊರಿನ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ಹತ್ತು ಮರ ಮುಗಿಸಿದರೆ 520 ಅಂಕಿ. ಅಷ್ಟು ಹೊತ್ತಿಗೆ ಬಿಸಿಲೇರಿರುತ್ತದೆ, ಕೈಯೆಲ್ಲ ಗೇರಿನ ಸೊನೆ. ಹದಿನೈದು ದಿನ ಬಿಟ್ಟು ಮತ್ತೆ ಅದೇ ಮರಗಳು. ಮುಂದಿನ ವರ್ಷವೂ ಅದೇ ಮರಗಳು. ಟಿವಿಯಲ್ಲಿ ತೋರಿಸುವ ಬಿಳಿ ಕೋಟು, ಬಣ್ಣದ ನೀರಿನ ಗಾಜಿನ ಬಾಟಲಿ ನನ್ನ ಬದುಕಿನಲ್ಲಿ ತುಂಬಾ ಕಮ್ಮಿ ಬಂದಿವೆ.

ಇಷ್ಟೆಲ್ಲ ಎಣಿಸಿ ಏನು ಸಿಗುತ್ತದೆ ಅಂತ ಕೇಳಿದರೆ, ಮೊದಲ ವರ್ಷ ಏನೂ ಸಿಗುವುದಿಲ್ಲ. ಎರಡನೇ ವರ್ಷ ನನ್ನ ಪುಸ್ತಕದಲ್ಲಿ ಕೆಲವು ಮರಗಳ ಅಂಕ ಯಾವಾಗಲೂ ಕಮ್ಮಿ ಇರುವುದು ಕಾಣಿಸಿತು. ಮಣ್ಣು ಅದೇ, ತಳಿ ಅದೇ, ಬಿಸಿಲು ಅದೇ. ಹೋಗಿ ಮರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರೆ ಚಗಳಿ ಗೂಡು! ಎಲೆ ಹೊಲಿದು ಗೂಡು ಕಟ್ಟುತ್ತದಲ್ಲ, ಆ ಕೆಂಪಿರುವೆ. ಅದು ಹೊಲಿಯುವುದು ನೋಡಿದ್ದೀರಾ? ಒಂದು ಸಾಲು ಇರುವೆಗಳು ಎರಡು ಎಲೆಯ ಅಂಚನ್ನು ಜಗ್ಗಿ ಹಿಡಿಯುತ್ತವೆ. ಬೇರೆ ಇರುವೆಗಳು ತಮ್ಮದೇ ಮರಿಗಳನ್ನು ಬಾಯಲ್ಲಿ ಹಿಡಿದುಕೊಂಡು ಆಚೆಯಿಂದ ಈಚೆಗೆ ಆಡಿಸುತ್ತವೆ, ಮಗ್ಗದ ಲಾಳಿಯ ಹಾಗೆ. ರೇಷ್ಮೆ ನೂಲು ಬರುವುದು ಆ ಮರಿಯ ಬಾಯಿಂದ. ಇಂಥ ಇರುವೆ ಓಡಾಡುವ ಮರದಲ್ಲಿ ಟೀ ಸೊಳ್ಳೆಗೆ ನೆಮ್ಮದಿಯಾಗಿ ಕೂತು ಉಣ್ಣಲು ಆಗುವುದಿಲ್ಲ.

ಇದು ನನ್ನ ಶೋಧ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಉತ್ತರ ಭಾಗದ ಗೇರು ತೋಟಗಳಲ್ಲಿ ರೆಂಕಾಂಗ್ ಪೆಂಗ್, ಕೀತ್ ಕ್ರಿಶ್ಚಿಯನ್ ಎಂಬವರು ಇದನ್ನು ವರ್ಷಗಟ್ಟಲೆ ಅಳೆದು ತೋರಿಸಿದ್ದಾರೆ. ಚೀನಾದವರು ಕಿತ್ತಳೆ ತೋಟದಲ್ಲಿ ಇದೇ ಇರುವೆಯನ್ನು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಬಳಸುತ್ತಿದ್ದರು. ನಮ್ಮ ಅಜ್ಜಂದಿರಿಗೂ ಗೊತ್ತಿತ್ತೋ ಏನೋ. ಆದರೆ ಗೊತ್ತಿರುವುದು ಬೇರೆ, ಎಷ್ಟು ಅಂತ ಹೇಳುವುದು ಬೇರೆ. ಒಂದು ಮರಕ್ಕೆ ಎಷ್ಟು ಗೂಡು ಬೇಕು? ಪಕ್ಕದ ಎರಡು ಮರಗಳಲ್ಲಿ ಬೇರೆ ಬೇರೆ ಬಳಗದ ಚಗಳಿ ಇದ್ದರೆ ಏನಾಗುತ್ತದೆ? ಅವು ತಮ್ಮೊಳಗೇ ಹೊಡೆದಾಡಿ ಸಾಯುತ್ತವೆ, ಕಾವಲು ಅಷ್ಟಕ್ಕೇ ಮುಗಿಯಿತು. ಅದಕ್ಕೇ ಆಸ್ಟ್ರೇಲಿಯಾದವರು ಬಳಗಗಳನ್ನು ಬೇರೆ ಬೇರೆ ಇಡುವ ಉಪಾಯ ಮಾಡಿದರು. ಇನ್ನೊಂದು ತಕರಾರೂ ಇದೆ. ಚಗಳಿಗೆ ಸಿಹಿ ಬೇಕು, ಸಿಹಿ ಕೊಡುವ ಹಿಟ್ಟುತಿಗಣೆಯನ್ನು ಅದು ಹಸು ಸಾಕಿದ ಹಾಗೆ ಸಾಕುತ್ತದೆ. ಹಣ್ಣು ಕೊಯ್ಯುವವರಿಗೆ ಕಚ್ಚುವುದಂತೂ ಇದ್ದೇ ಇದೆ. "ಇರುವೆ ಬಿಡಿ, ಎಲ್ಲ ಸರಿ ಹೋಗುತ್ತದೆ" ಎಂದು ಭಾಷಣ ಮಾಡುವವರನ್ನು ಒಂದು ದಿನ ಚಗಳಿ ಇರುವ ಮರ ಹತ್ತಿಸಬೇಕು.

ಹಾಗಾದರೆ ಮದ್ದು ಸಿಂಪಡಿಸಿದರೆ ಸಾಕಲ್ಲ ಅನ್ನಬಹುದು. ಸಿಂಪಡಿಸಿದರೆ ಟೀ ಸೊಳ್ಳೆಯ ಜೊತೆಗೆ ಚಗಳಿಯೂ ಹೋಗುತ್ತದೆ. ಟೀ ಸೊಳ್ಳೆ ಪಕ್ಕದ ಗುಡ್ಡೆಯಿಂದ ಹಾರಿ ಬರುತ್ತದೆ. ಚಗಳಿಯ ಬಳಗ ಮತ್ತೆ ಬೆಳೆಯಲು ತುಂಬಾ ಸಮಯ ಬೇಕು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದದ್ದು ಇದೇ ಗುಂಡುಸೂಜಿ ಹುಳಕ್ಕಾಗಿ. ನಮ್ಮಲ್ಲಿ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಯವರಿಗೂ ಆ ಕತೆ ಗೊತ್ತು, ನಾನು ಹೇಳಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಾಯಿಲೆ, ಅಂಗವೈಕಲ್ಯ ಅಂತ ಆಗಬಾರದ್ದು ಆಗಿಹೋಗಿತ್ತು. ಹುಳ ಎಣಿಸುವವರು ಸುಮ್ನೆ ಎಣಿಸುತ್ತಾರೆ ಅಂತ ಯಾರಾದರೂ ನಕ್ಕರೆ ನನಗೆ ಕೊಕ್ಕಡ ನೆನಪಾಗುತ್ತದೆ.

ಇನ್ನು ನಿಮ್ಮ ಅಡಿಕೆ. ಮಳೆಗಾಲಕ್ಕೆ ಮುಂಚೆ ನೀವು ಮದ್ದು ಬಿಡಿಸುತ್ತೀರಲ್ಲ, ಅದರ ಹಿಂದೆಯೂ ಒಬ್ಬ ಎಣಿಸುವವನಿದ್ದಾನೆ. ಲೆಸ್ಲಿ ಕೋಲ್ಮನ್ ಅಂತ, ಕೆನಡಾದವರು. 1908ರಲ್ಲಿ ಮೈಸೂರು ಸರಕಾರಕ್ಕೆ ಬೂಷ್ಟು ಮತ್ತು ಕೀಟಗಳ ತಜ್ಞರಾಗಿ ಬಂದರು. ಮಲೆನಾಡಿನ ತೋಟಗಳಲ್ಲಿ ಕೊಳೆರೋಗಕ್ಕೆ ಅಡಿಕೆ ಉದುರಿ ರಾಶಿ ಬೀಳುತ್ತಿದ್ದ ಕಾಲ. ಆ ಬೂಷ್ಟು ಯಾವುದು, ಮಳೆ ಹನಿಯ ಜೊತೆ ಹೇಗೆ ಹರಡುತ್ತದೆ ಅಂತ ಹಿಂದೆ ಬಿದ್ದು ನೋಡಿ 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ಅವರು ಕಂಡುಹಿಡಿದದ್ದಲ್ಲ, ಅದು ಫ್ರಾನ್ಸಿನ ದ್ರಾಕ್ಷಿ ತೋಟದ್ದು. ಅದನ್ನು ಅಡಿಕೆ ಗೊನೆಗೆ ಯಾವಾಗ ಬಿಡಬೇಕು, ಮುಂಗಾರಿನ ಜಡಿಮಳೆಗೆ ತೊಳೆದು ಹೋಗದ ಹಾಗೆ ಹೇಗೆ ಅಂಟಿಸಬೇಕು ಅನ್ನುವುದು ಅವರ ಕೆಲಸ. ನೂರು ವರ್ಷ ದಾಟಿದೆ. ಈಗ ಮರ ಹತ್ತುವ ಬದಲು ಕಾರ್ಬನ್ ಫೈಬರ್ ದೋಟಿ ಬಂದಿದೆ, ಅಷ್ಟೇ ವ್ಯತ್ಯಾಸ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅದೇ. ಕಬ್ಬಿಣದ ಕತ್ತಿ ಅದ್ದಿ ತೆಗೆದು, ಅಲಗಿನ ಮೇಲೆ ಕೆಂಪು ಕೂತಿದೆಯಾ ನೋಡುವುದೂ ಅದೇ. ಕೂತಿದ್ದರೆ ಸುಣ್ಣ ಸಾಲದು.

ಈ ಕೆಲಸಕ್ಕೆ ಬೇಕಾಗುವ ಸಮಯದ ಲೆಕ್ಕವೇ ಬೇರೆ. ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. ಚೀನಾದಿಂದ ತಂದ ಅಡಿಕೆಯಿಂದ ಆರಿಸಿದ ಮಂಗಳಾ ತಳಿ ಹೊರಬಂದದ್ದು 1972ರಲ್ಲಿ. ನೀವೇ ತೋಟ ಮಾಡಿದವರು, ನಿಮಗೆ ಬಿಡಿಸಿ ಹೇಳಬೇಕಾ? ಸಸಿ ನೆಟ್ಟು ಸಿಂಗಾರ ಬಿಡಲು ನಾಲ್ಕೈದು ವರ್ಷ. ಫಸಲು ನಿಂತಿದೆಯಾ ಅಂತ ನೋಡಲು ಮತ್ತೆ ಐದಾರು ವರ್ಷ. ಒಬ್ಬ ವಿಜ್ಞಾನಿ ತನ್ನ ಪೂರ್ತಿ ಸೇವೆಯಲ್ಲಿ ಎರಡೋ ಮೂರೋ ತಳಿಯ ಹುಟ್ಟು ನೋಡಿದರೆ ಪುಣ್ಯ. ಬೇಗ ಫಲ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ನಿಮ್ಮ ಮಗಳು ಆ ಪೈಕಿಯಾ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ.

ಏನೂ ಮಾಡಬೇಡಿ ಅಂತ ಹೇಳುವುದೂ ಈ ಕೆಲಸದಲ್ಲಿ ಸೇರಿದೆ. 2016ರ ಹೊತ್ತಿಗೆ ತೆಂಗಿಗೆ ಒಂದು ಹೊಸ ಬಿಳಿನೊಣ ಬಂತು. ಗರಿಯ ಅಡಿಯಲ್ಲಿ ಬಿಳಿ ಸುರುಳಿ ಸುರುಳಿಯಾಗಿ ಮೊಟ್ಟೆ, ಮೇಲೆ ಅಂಟು, ಅದರ ಮೇಲೆ ಕಪ್ಪು ಮಸಿ. ಮರ ನೋಡಿದರೆ ಎದೆ ಝಲ್ಲೆನ್ನುತ್ತಿತ್ತು. ನಮ್ಮ ಕರಾವಳಿಯವರೆಲ್ಲ "ಯಾವ ಮದ್ದು ಮಾರಾಯ್ರೇ" ಎಂದು ಫೋನ್ ಮಾಡುವವರೇ. ಉತ್ತರ ಏನಿತ್ತು ಗೊತ್ತಾ? ಕೀಟನಾಶಕ ಸಿಂಪಡಿಸಲೇಬೇಡಿ. ಏಕೆಂದರೆ ಬಿಳಿನೊಣದ ಬೆನ್ನಿಗೇ ಒಂದು ಪುಟಾಣಿ ಕಣಜವೂ ಬಂದು ಸೇರಿಕೊಂಡಿತ್ತು. ಎನ್‌ಕಾರ್ಸಿಯಾ ಅಂತ ಅದರ ಹೆಸರು. ಅದು ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ, ಒಳಗಿನಿಂದ ತಿಂದು ಹೊರಬರುತ್ತದೆ. ಮನೆಯ ತೆಂಗಿನ ಒಂದು ಗರಿ ಇಳಿಸಿ ಲೆನ್ಸಿನಲ್ಲಿ ನೋಡಿ. ಖಾಲಿ ಚಿಪ್ಪಿನ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸೀಳಿದ್ದರೆ ಬಿಳಿನೊಣ ಹಾರಿಹೋಗಿದೆ. ದುಂಡಗೆ ತೂತು ಕೊರೆದಿದ್ದರೆ ಹೊರಗೆ ಬಂದದ್ದು ಕಣಜ. ದುಂಡು ತೂತು ಜಾಸ್ತಿ ಇದ್ದರೆ ಕೈ ಕಟ್ಟಿ ಕೂತರೆ ಆಯಿತು. ಇಷ್ಟು ಹೇಳಲು ಎಷ್ಟು ಗರಿ ಎಣಿಸಿರಬೇಕು ಯೋಚಿಸಿ.

ಅಗ್ರಿ ಬಿಎಸ್ಸಿಗೆ ಹಾಕದಿದ್ದದ್ದು ತಪ್ಪಾ? ತಪ್ಪಲ್ಲ. ಆದರೆ ಕೆಲವು ಬಾಗಿಲು ಮುಚ್ಚಿದೆ, ಅದನ್ನು ಈಗಲೇ ತಿಳಿದುಕೊಳ್ಳಿ. ಕೃಷಿ ಇಲಾಖೆಯ ಕೃಷಿ ಅಧಿಕಾರಿ ಹುದ್ದೆಗೆ ಕೃಷಿ ಪದವಿಯೇ ಬೇಕು. ಕೃಷಿ ವಿಶ್ವವಿದ್ಯಾಲಯಗಳ ಎಂಎಸ್ಸಿಗೂ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ. ಸಿಇಟಿ ಬರೆದು ಅದಕ್ಕೆ ಸೇರುವುದಾದರೆ ಮೊದಲಿನಿಂದ ನಾಲ್ಕು ವರ್ಷ. ಎರಡು ವರ್ಷ ಓದಿದ್ದನ್ನು ಬಿಟ್ಟು ಹೋಗು ಅಂತ ನಾನು ಹೇಳುವುದಿಲ್ಲ.

ಪ್ರಾಣಿಶಾಸ್ತ್ರದವರಿಗೆ ಇರುವ ದಾರಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೇ ಎಂಎಸ್ಸಿ ಮಾಡಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಷಯದ ಎಂಎಸ್ಸಿ ಇದೆ, ಅದಕ್ಕೆ ಪ್ರತಿ ವರ್ಷ ಪ್ರವೇಶ ಇರುವುದಿಲ್ಲ, ಕಣ್ಣಿಟ್ಟಿರಬೇಕು. ಆಮೇಲೆ ಪಿಎಚ್‌ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಇದೆ, ಮಾಧವ ಗಾಡ್ಗೀಳರು ಕಟ್ಟಿದ್ದು. ಬೆಂಗಳೂರಿನದೇ ಇನ್ನೊಂದು ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಇದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ವಿಟ್ಲ, ಕಾಸರಗೋಡು ಇಂಥ ಕಡೆಗಳಲ್ಲಿ ಯೋಜನೆಗಳಿಗೆ ಎಂಎಸ್ಸಿ ಆದವರನ್ನು ಒಪ್ಪಂದದ ಮೇಲೆ ತೆಗೆದುಕೊಳ್ಳುವುದುಂಟು. ಒಂದು ವರ್ಷ ಅಲ್ಲಿ ದುಡಿದರೆ ಪುಸ್ತಕದಲ್ಲಿ ಸಿಗದ್ದು ಕಲಿಯಬಹುದು.

ಕೃಷಿಯವರು ಬೇರೆ, ಪರಿಸರದವರು ಬೇರೆ ಅನ್ನುವುದೇ ನನಗೆ ಅಷ್ಟು ಸರಿ ಕಾಣುವುದಿಲ್ಲ. ಕೆ.ಎನ್. ಗಣೇಶಯ್ಯನವರ ಕಾದಂಬರಿ ಓದಿದವರು ನಮ್ಮಲ್ಲಿ ತುಂಬಾ ಜನ. ಅವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇದ್ದವರು. ಆರ್. ಉಮಾಶಂಕರ್ ಜೊತೆ ಸೇರಿ ಅವರು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಇಷ್ಟ. ಬೀಟೆಯ ಹತ್ತಿರದ ನೆಂಟ ಶಿಸ್ಸೂ ಮರದ ಕಾಯಲ್ಲಿ ಹಲವು ಬೀಜಕ್ಕೆ ಜಾಗ ಇದ್ದರೂ ಹೆಚ್ಚಿನವುಗಳಲ್ಲಿ ಒಂದೇ ಬೀಜ ಬೆಳೆಯುತ್ತದೆ, ಯಾಕೆ? ಮೊದಲು ಕಟ್ಟಿದ ಬೀಜ ರಾಸಾಯನಿಕ ಬಿಟ್ಟು ಒಡಹುಟ್ಟಿದವನ್ನು ಸಾಯಿಸುತ್ತದೆ ಎಂದು ತೋರಿಸಿದರು. ಒಂದೇ ಬೀಜದ ಕಾಯಿ ಹಗುರ, ಗಾಳಿಗೆ ದೂರ ಹೋಗುತ್ತದೆ. ದಾಯಾದಿ ಕಲಹ ಕಾಯಿಯೊಳಗೇ! ಇದು ಕೃಷಿಯಾ, ಪರಿಸರವಾ? ಇನ್ನು ಪುತ್ತೂರಿನ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಡುವೆ ಕೃಷಿಯನ್ನೂ ಮಾಡಿದರು. ಹುಲಿ ಎಣಿಸುವ ವಿಜ್ಞಾನಿಯಾಗಿ ಮಂಗಳೂರು ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದದ್ದು 1993ರಲ್ಲಿ. ಬಿಎಸ್ಸಿ ಯಾವುದು ಅನ್ನುವುದಕ್ಕಿಂತ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆಯಾ ಅನ್ನುವುದು ದೊಡ್ಡದು.

ಪ್ರಶ್ನೆಗೆ ದೂರ ಹೋಗಬೇಕಾಗಿಯೂ ಇಲ್ಲ. ಮಣಿಪಾಲದ ಮುರಕಲ್ಲು ಪದವಿನಲ್ಲಿ 1.6 ಸೆಂಟಿಮೀಟರ್ ಉದ್ದದ ಒಂದು ಕಪ್ಪೆ ಇದೆ. ಜೀರುಂಡೆ ಕೂಗಿದ ಹಾಗೆ ಕೂಗುತ್ತದೆ. ಸಾವಿರಾರು ಜನ ಓಡಾಡುವ ಜಾಗ, ಆದರೂ ಅದು ಹೊಸ ಜಾತಿ ಅಂತ ಗೊತ್ತಾದದ್ದು 2016ರಲ್ಲಿ. ಎರಡು ವರ್ಷ ಕಳೆದು ಮಂಗಳೂರಿನ ಕೈಗಾರಿಕೆಗಳ ನಡುವೆಯೇ ಇನ್ನೊಂದು ಪುಟ್ಟ ಕಪ್ಪೆ ಸಿಕ್ಕಿತು. ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ ಅನ್ನುತ್ತಾರಲ್ಲ, ಆ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅದರ ನೆಂಟರೆಲ್ಲ ಇರುವುದು ಆಗ್ನೇಯ ಏಷ್ಯಾದಲ್ಲಿ. ಬಂದರಿಗೆ ಬರುವ ಮರದ ದಿಮ್ಮಿಯ ಜೊತೆ ಬಂದಿರಬಹುದು ಅನ್ನುವುದು ಕಂಡುಹಿಡಿದವರ ಊಹೆ.

ಅನ್ನದ ಮಾತಿಗೆ ಬರೋಣ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರಿಂದ ಈ ದರ ಇದೆ, ಬಾಡಿಗೆ ಭತ್ಯೆ ಬೇರೆ. ಒಬ್ಬಳ ಖರ್ಚಿಗೆ ಸಾಕು, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಸಿಗದವರು ಯೋಜನೆಯ ಹಣದಲ್ಲಿ ಕಮ್ಮಿಗೆ ದುಡಿಯುತ್ತಾರೆ. ಹಣ ಹೇಳಿದ ದಿನ ಬರುತ್ತದೆ ಅಂತ ನಂಬಬೇಡಿ. ನನಗೆ ಒಮ್ಮೆ ಎಂಟು ತಿಂಗಳು ಬಂದಿರಲಿಲ್ಲ. ಅಣ್ಣನ ಅಡಿಕೆ ದುಡ್ಡಿನಲ್ಲಿ ಬಸ್ಸಿನ ಟಿಕೆಟ್ ಕೊಂಡಿದ್ದೇನೆ. ಎಂಎಸ್ಸಿಗೆ ಎರಡು, ಪಿಎಚ್‌ಡಿಗೆ ಐದು, ಅಲ್ಲಿಗೆ ಇಪ್ಪತ್ತೆಂಟು-ಮೂವತ್ತು ವರ್ಷ ಆಗಿರುತ್ತದೆ. ಅದರ ಮೇಲೂ ಕಾಯಂ ಕೆಲಸ ಕಮ್ಮಿ, ಕೇಳುವವರು ಜಾಸ್ತಿ. ಕಾಲೇಜು ಅಧ್ಯಾಪಕರಾಗಬಹುದು. ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿ ಹುದ್ದೆಗೆ ಬೇರೆ ಪರೀಕ್ಷೆ ಇದೆ, ಯಾವ ಎಂಎಸ್ಸಿಗೆ ಅವಕಾಶ ಅನ್ನುವುದನ್ನು ಅಧಿಸೂಚನೆಯಲ್ಲೇ ಓದಿಕೊಳ್ಳಲಿ, ಯಾರೋ ಹೇಳಿದ್ದನ್ನು ಕೇಳಿ ಎಂಎಸ್ಸಿ ಆರಿಸುವುದು ಬೇಡ. ಬಿಎಡ್ ಮಾಡಿದ್ದರೆ ಇದಕ್ಕಿಂತ ಬೇಗ ಸಂಬಳ ನೋಡುತ್ತಿದ್ದಳು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಎರಡು ಎಕರೆ ಅಡಿಕೆ ಇರುವ ಮನೆ ಐದಾರು ವರ್ಷ ಅವಳ ಸಂಬಳಕ್ಕೆ ಕಾಯಬೇಕಾಗಿಲ್ಲ ಅಂತಾದರೆ, ಅದು ಅವಳಿಗೆ ದೊಡ್ಡ ಬಲ. ನನ್ನ ಜೊತೆ ಓದಿದ ಎಷ್ಟೋ ಜಾಣರು ಆ ಬಲ ಇಲ್ಲದೆ ಅರ್ಧಕ್ಕೇ ಬಿಟ್ಟರು.

ಹುಡುಗಿ ಒಬ್ಬಳೇ ಅಲೆಯುವುದು ಹೇಗೆ ಅಂದಿರಿ. ಒಬ್ಬಳೇ ಅಲೆಯಬಾರದು, ಹುಡುಗನೂ ಅಷ್ಟೇ. ಕಾಡಿಗೆ, ಗುಡ್ಡೆಗೆ ಇಬ್ಬರು ಹೋಗುವುದು ಮೊದಲ ಪಾಠ. ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಹೇಳಿ ಹೋಗುವುದು ಎರಡನೆಯದು. ಕಾಲಿಗೆ ಗಂಬೂಟು, ನಮ್ಮಲ್ಲಿ ಕನ್ನಡಿ ಹಾವು ಇರುವುದು ನಿಮಗೆ ಗೊತ್ತೇ ಇದೆ. ಮನುಷ್ಯರ ವಿಷಯದಲ್ಲಿ ನನ್ನ ಅನುಭವ ಏನೆಂದರೆ, ತೋಟದ ಮನೆಗಳಿಗಿಂತ ಕಚೇರಿಯ ಒಳಗೇ ಜಾಸ್ತಿ ಹುಷಾರಾಗಿರಬೇಕು. ಮಾರ್ಗದರ್ಶಕರನ್ನು ಆರಿಸುವಾಗ ಅವರ ಹಳೆಯ ವಿದ್ಯಾರ್ಥಿನಿಯರ ಹತ್ತಿರ ಮಾತಾಡಲಿ. ಇಬ್ಬರಾದರೂ ನಗುತ್ತಾ ಉತ್ತರ ಕೊಟ್ಟರೆ ಮಾತ್ರ ಸೇರಲಿ.

ತೋಟದ ಮನೆಯವರಂತೂ ನಮ್ಮಲ್ಲಿ ಬೆಲ್ಲ ನೀರು ಕೊಡದೆ ಬಿಡುವುದಿಲ್ಲ. ಅವರ ಒಳ್ಳೆಯತನದಿಂದಲೇ ನನ್ನ ಪಿಎಚ್‌ಡಿ ಒಂದು ವರ್ಷ ತಡವಾಯಿತು. ಒಬ್ಬರ ಗುಡ್ಡೆಯಲ್ಲಿ ಹತ್ತು ಗೇರು ಮರಗಳಿಗೆ ಯಾವ ಮದ್ದೂ ಬಿಡದೆ ಇಟ್ಟಿದ್ದೆ. ಮದ್ದು ಬಿಟ್ಟ ಮರಗಳಿಗೆ ಹೋಲಿಸಿ ನೋಡಲು ಅವು ಬೇಕೇ ಬೇಕು. ಒಂದು ಹಂಗಾಮು ಮುಗಿದು ಎರಡನೆಯದು ಅರ್ಧ ಆಗಿತ್ತು. ಜನವರಿಯ ಒಂದು ಬೆಳಿಗ್ಗೆ ಹೋದರೆ ಚಿಗುರೆಲ್ಲ ಫಳಫಳ. ಕೆಳಗೆ ಚಗಳಿ ಸತ್ತು ಬಿದ್ದಿವೆ. ಮನೆಯ ಯಜಮಾನರು ಖುಷಿಯಲ್ಲಿ ಹೇಳಿದರು: "ಅಕ್ಕಾ, ನಿಮ್ಮವರು ಆ ಹತ್ತು ಮರಕ್ಕೆ ಮದ್ದು ಬಿಡಲು ಮರೆತೇಬಿಟ್ಟಿದ್ದರು. ಪಾಪ, ನಿಮ್ಮ ಲೆಕ್ಕ ಹಾಳಾಗುವುದು ಬೇಡ ಅಂತ ನಾನೇ ಜನ ಮಾಡಿ ಬಿಡಿಸಿದೆ." ನಾನು ಜಗಲಿಯ ಮೇಲೆ ಕೂತು ಬೆಲ್ಲ ನೀರು ಕುಡಿದೆ. ಬೈಯಲು ಬಾಯಿ ಬರಲಿಲ್ಲ. ತಪ್ಪು ನನ್ನದೇ. ಆ ಮರಗಳನ್ನು ಯಾಕೆ ಹಾಗೇ ಬಿಟ್ಟಿದ್ದೇನೆ ಅಂತ ಅವರಿಗೆ ಬಿಡಿಸಿ ಹೇಳಿಯೇ ಇರಲಿಲ್ಲ.

ಈಗ ನೀವು ಮಾಡಬೇಕಾದ್ದು. ಮಗಳಿಗೆ ಹೂಂ ಅಂತಲೂ ಹೇಳಬೇಡಿ, ಬೇಡ ಅಂತಲೂ ಹೇಳಬೇಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಕೈ ಲೆನ್ಸ್ ತೆಗೆಸಿಕೊಡಿ, ಜೊತೆಗೆ ಗಟ್ಟಿ ರಟ್ಟಿನ ಒಂದು ನೋಟ್ ಪುಸ್ತಕ. ಅಡಿಕೆಯ ಮೇಲೆ ಪ್ರಯೋಗ ಬೇಡ, ಕೊಳೆರೋಗದ ಮದ್ದು ನಿಲ್ಲಿಸಿದರೆ ನಿಮ್ಮ ವರ್ಷದ ಊಟ ಹೋಗುತ್ತದೆ. ಗೇರು ಸಾಕು. ಚಗಳಿ ಇರುವ ಐದು ಮರ, ಇಲ್ಲದ ಐದು ಮರ ಅವಳೇ ಆರಿಸಲಿ. ನವೆಂಬರ್‌ನಿಂದ ಮಾರ್ಚ್ ತನಕ ಹದಿನೈದು ದಿನಕ್ಕೊಮ್ಮೆ ಶನಿವಾರ ಹಾಸ್ಟೆಲಿನಿಂದ ಬಂದು ಭಾನುವಾರ ಬೆಳಿಗ್ಗೆ ಎಣಿಸಲಿ, ಮರಕ್ಕೆ 52 ಚಿಗುರು. ಎರಡನೇ ವರ್ಷವೂ ಅಷ್ಟೇ. ಮೂರನೇ ತಿಂಗಳಿಗೇ ಬೇಸರ ಬಂದರೆ ಬಿಎಡ್ ಇದ್ದೇ ಇದೆ, ಅದೂ ಒಳ್ಳೆಯ ಕೆಲಸವೇ. ಪರೀಕ್ಷೆಯ ವಾರದಲ್ಲೂ ಬಸ್ಸು ಹತ್ತಿ ಬಂದು ಗುಡ್ಡೆ ಹತ್ತಿದಳು ಅಂತಾದರೆ ನನಗೆ ಮತ್ತೊಮ್ಮೆ ಬರೆಯಿರಿ, ಆ ಪುಸ್ತಕವನ್ನು ನನಗೂ ನೋಡಬೇಕು.

ಆ ಹತ್ತು ಮರಗಳಿಗೆ ದೂರದಿಂದಲೇ ಕಾಣುವ ಹಾಗೆ ಕೆಂಪು ಬಟ್ಟೆ ಕಟ್ಟಿ. ಮದ್ದು ಬಿಡುವವರು ಬಂದ ದಿನ ನೀವೇ ಗುಡ್ಡೆಗೆ ಹೋಗಿ, ಯಾವುದಕ್ಕೆ ಬಿಡಬಾರದು, ಯಾಕೆ ಬಿಡಬಾರದು ಅಂತ ಎರಡೆರಡು ಸಲ ಹೇಳಿ.